ಪಿಕಪ್‌ಗೆ ದೊಡ್ಡ ಟಯರ್ ಮತ್ತು ಲೆವಲಿಂಗ್ ಕಿಟ್ ಅಳವಡಿಸುವ ಬಗೆ

ಪಿಕಪ್ ವಾಹನದ ಮುಂಭಾಗ ತುಸು ತಗ್ಗಿರುವುದು ದೋಷವಲ್ಲ. ಹೇರು ಬಿದ್ದಾಗ ಹಿಂಬದಿ ಇಳಿದು ಸಮವಾಗಲೆಂದೇ ಹಾಗೆ ತಯಾರಿಸಿರುತ್ತಾರೆ. ಆದ್ದರಿಂದ ಶಿರಸಿಯಿಂದ ಕುಮಟಾಕ್ಕೆ ಅಡಿಕೆ ಮೂಟೆ ಸಾಗಿಸುವವರು ಲೆವಲಿಂಗ್ ಕಿಟ್ (ಮುಂಭಾಗವನ್ನು ಎತ್ತಿ ಹಿಂಭಾಗದ ಮಟ್ಟಕ್ಕೆ ತರುವ ಬಿಡಿಭಾಗ) ಹಾಕಿ ಮುಂಭಾಗವನ್ನು ಪೂರ್ತಿ ಸಮಕ್ಕೆ ಎತ್ತದಿರುವುದೇ ಲೇಸು. ಎತ್ತಿದರೆ, ಹೇರು ಬಿದ್ದಾಗ ಮುಂಭಾಗವೇ ಮೇಲಾಗಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಇಂಥ ಮಾರ್ಪಾಡಿಗೆ ಅವಕಾಶವಿದೆಯೇ ಎಂದು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಟಯರ್ ಅಳತೆಯಲ್ಲಿ ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಟಯರಿನ ಬದಿಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ ವ್ಯಾಸ. 255/60 ಆರ್18 ಬದಲು 265/60 ಆರ್18 ಹಾಕಿದರೆ ವ್ಯಾಸ 12 ಮಿ.ಮೀ. ಹೆಚ್ಚಿ, ವಾಹನ 6 ಮಿ.ಮೀ. ಮಾತ್ರ ಏರುತ್ತದೆ. 265/65 ಆದರೆ ವ್ಯಾಸ ಶೇಕಡಾ 5ರಷ್ಟು ಬೆಳೆಯುವುದರಿಂದ, ಮೊದಲು ಸರಿಯಿದ್ದ ಮೀಟರ್ 60 ತೋರಿಸುವಾಗ ನಿಜವಾದ ವೇಗ 63 ಆಗಿರುತ್ತದೆ.

ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ವಾಹನದಲ್ಲಿ ಲೆವಲಿಂಗ್ ಕಿಟ್‌ನ ಸ್ಪೇಸರ್ (ಎತ್ತರಿಸಲು ನಡುವೆ ಇಡುವ ದಪ್ಪ ಬಿಲ್ಲೆ) ಕೂರಿಸಲು, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಮೇಲ್ತುದಿಯ ಸುತ್ತಲಿನ ನಟ್‌ಗಳನ್ನಷ್ಟೇ ತೆಗೆಯಬೇಕು; ನಡುವಿನ ನಟ್ಟನ್ನು ಮುಟ್ಟಲೇಬಾರದು, ಏಕೆಂದರೆ ಒತ್ತಿ ಕೂರಿಸಿದ ಸ್ಪ್ರಿಂಗ್ ಅದರ ಹಿಡಿತದಲ್ಲಿದ್ದು, ಸಿಡಿದರೆ ಪ್ರಾಣಕ್ಕೇ ಅಪಾಯ. ಕಾರವಾರದ ಉಪ್ಪುಗಾಳಿಗೆ ನಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ; ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಬಳಿಕ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟಯರ್ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಂಡು, ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ ಬೆಳಕನ್ನು ಕೆಳಕ್ಕಿಳಿಸಿ.