ಟ್ಯಾಕ್ಸಿ ಸ್ಟ್ಯಾಂಡ್ ತಕರಾರು: ಕೋರ್ಟಿಗೆ ಹೋಗುವ ಮುನ್ನ ಮಾಡಬೇಕಾದ್ದು

ಮೊದಲು ಜಾಗ ಯಾರದ್ದೆಂದು ಖಚಿತ ಮಾಡಿಕೊಳ್ಳಿ. ಸಾರ್ವಜನಿಕ ರಸ್ತೆಯಾದರೆ, ಮೋಟಾರು ವಾಹನ ಕಾಯ್ದೆ 1988ರ ಕಲಂ 117ರಡಿ ಅಲ್ಲಿ ಸ್ಟ್ಯಾಂಡ್ ಗೊತ್ತುಪಡಿಸಿದ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ರೈಲು ನಿಲ್ದಾಣದ ಆವರಣವಾದರೆ ರೈಲ್ವೆಯ ಪರವಾನಗಿ ಷರತ್ತುಗಳನ್ನು ನೋಡಬೇಕು.

‘ಎಷ್ಟೋ ವರ್ಷದಿಂದ ಇಲ್ಲೇ ನಿಲ್ಲಿಸ್ತಿದ್ದೀವಿ’ ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ. ಪರ್ಮಿಟ್‌ನಿಂದ ಬಾಡಿಗೆ ಓಡಿಸುವ ಅನುಮತಿ ಸಿಗುತ್ತದೆಯೇ ಹೊರತು ರಸ್ತೆಯ ಒಡೆತನವಲ್ಲ. ಸಂಘದ ಬೋರ್ಡ್ ನೆಟ್ಟ ಮಾತ್ರಕ್ಕೆ ಬೇರೆ ಚಾಲಕರನ್ನು ತಡೆಯುವ ಅಧಿಕಾರವೂ ಬರುವುದಿಲ್ಲ. ಬಹಳಷ್ಟು ಸಂಘಗಳು ಎಡವುವುದು ಇಲ್ಲೇ.

ವಿಡಿಯೊ ತೆಗೆಯುವಾಗ ನಂಬರ್ ಪ್ಲೇಟ್, ಸ್ಟ್ಯಾಂಡಿನ ಫಲಕ, ಗಾಡಿ ಅಡ್ಡ ನಿಲ್ಲಿಸಿರುವ ರೀತಿ ಒಂದೇ ಚೌಕಟ್ಟಿನಲ್ಲಿ ಕಾಣಲಿ. ಮೂಲ ಫೋನ್ ಜೋಪಾನ ಮಾಡಿ. ವಿಡಿಯೊವನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದಲೇ ಲೆಕ್ಕಹಾಕಿ ಬರುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಪ್ರತಿಯದು ಮೂಲದ ಮೌಲ್ಯಕ್ಕೆ ತಾಳೆಯಾಗುವುದಿಲ್ಲ.

ದಾರಿಗೆ ಅಡ್ಡ ನಿಂತು ಗಾಡಿ ತಡೆದರೆ ಪೊಲೀಸ್ ದೂರು, ಭಾರತೀಯ ನ್ಯಾಯ ಸಂಹಿತೆ ಕಲಂ 126. ಬಿಳಿ ಬೋರ್ಡ್ ಗಾಡಿ ಬಾಡಿಗೆ ಹೊಡೆದರೆ ಆರ್‌ಟಿಒಗೆ ಬರೆಯಿರಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ, ಎರಡೂ ಕಡೆ ಕಡತ ಕೊಳೆಯುತ್ತದೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ತಡೆಯಾಜ್ಞೆ ಬೇಕಿದ್ದರೆ ಸಿವಿಲ್ ದಾವೆಯ ಜತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 39, ನಿಯಮ 1 ಮತ್ತು 2ರಡಿ ಮಧ್ಯಂತರ ಅರ್ಜಿ ಹಾಕಿ. ನೋಂದಣಿಯಿಲ್ಲದ ಸಂಘವಾದರೆ ಎಲ್ಲರ ಪರವಾಗಿ ಕೆಲವರು ದಾವೆ ಹೂಡಲು ಆದೇಶ 1, ನಿಯಮ 8ರ ಅನುಮತಿ ಬೇಕು. ಸರ್ಕಾರವನ್ನೂ ಪ್ರತಿವಾದಿ ಮಾಡುವುದಾದರೆ ಅದೇ ಸಂಹಿತೆಯ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ 80(2)ರಡಿ ಕೋರ್ಟಿನ ಅನುಮತಿ ಕೇಳಿ.