ಸಿಟಿ ಸ್ಟೇಷನ್‌ನಲ್ಲಿ ಇಳಿದ ಮೇಲೆ ಯಾವ ಬಾಗಿಲು?

ಬೋರ್ಡಿನ ಮೇಲೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಅಂತಿದೆ. ಆಟೊದವರ ಬಾಯಲ್ಲಿ ಈಗಲೂ ಸಿಟಿ ಸ್ಟೇಷನ್ನೇ. ಬೆಂಗಳೂರಿನ ಈ ನಿಲ್ದಾಣಕ್ಕೆ 10 ಪ್ಲಾಟ್‌ಫಾರ್ಮ್‌ಗಳಿವೆ, ಎರಡು ಕಡೆ ಬಾಗಿಲುಗಳಿವೆ. ರೈಲಿಳಿದವರು ಸುಮ್ನೆ ಜನ ಹೋದ ಕಡೆಗೆ ಹೋಗಿಬಿಡುತ್ತಾರೆ. ಆಮೇಲೆ ಲಗೇಜು ಹೊತ್ತು ಸುತ್ತುತ್ತಾರೆ. ಮುಂದೆ ಎಲ್ಲಿಗೆ ಹೋಗಬೇಕೋ ಅದನ್ನು ನೋಡಿ ಬಾಗಿಲು ಆರಿಸಿ, ಅರ್ಧ ಕೆಲಸ ಮುಗಿಯಿತು.

1. ಮೊದಲು ಟಿಕೆಟ್‌ನಲ್ಲಿ ನಿಲ್ದಾಣದ ಕೋಡ್ ನೋಡಿ. ಎಸ್‌ಬಿಸಿ ಅಂತಿದ್ದರೆ ಮಾತ್ರ ಸಿಟಿ ಸ್ಟೇಷನ್. ವೈಪಿಆರ್ ಅಂದರೆ ಯಶವಂತಪುರ, ಬಿಎನ್‌ಸಿ ಅಂದರೆ ಕಂಟೋನ್ಮೆಂಟ್. ಎಸ್‌ಎಂವಿಬಿ ಅಂದರೆ 2022ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಇದು ಬೈಯಪ್ಪನಹಳ್ಳಿ ಕಡೆ ಇದೆ ನಿಜ, ಆದರೆ ಮೆಟ್ರೊ ನಿಲ್ದಾಣ ಪಕ್ಕದಲ್ಲೇನೂ ಇಲ್ಲ. ಆಟೊ ಅಥವಾ ಬಸ್ ಹಿಡಿಯಲೇಬೇಕು. ಇನ್ನು ಮನೆ ಫ್ರೇಜರ್ ಟೌನ್ ಕಡೆಯಿದ್ದು, ರೈಲು ಕಂಟೋನ್ಮೆಂಟಿನಲ್ಲಿ ನಿಲ್ಲುವುದಾದರೆ ಸಿಟಿವರೆಗೆ ಬರುವುದೇ ದಂಡ.

2. ಬಸ್ ಬೇಕಾದರೆ ಮುಂಬಾಗಿಲು. 1ನೇ ಪ್ಲಾಟ್‌ಫಾರ್ಮ್ ಕಡೆಯಿಂದ ಹೊರಬಂದರೆ ಎದುರಿಗೇ ಮೆಜೆಸ್ಟಿಕ್. ಹಿಂದೆ ಧರ್ಮಾಂಬುಧಿ ಕೆರೆ ಇದ್ದ ಜಾಗವಿದು. ಈಗ ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡುಗಳು ಅಕ್ಕಪಕ್ಕದಲ್ಲಿವೆ. ವಾಹನಗಳ ನಡುವೆ ರಸ್ತೆ ದಾಟುವ ಸಾಹಸ ಬೇಡ, ಸಬ್‌ವೇ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವವರು ಕೆಐಎ-9 ವಾಯುವಜ್ರ ಬಸ್ ಹುಡುಕಿ. ಮಹಿಳೆಯರಿಗಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಈ ಎಸಿ ಬಸ್ಸಿಗೆ ಇಲ್ಲ, ಸಾಮಾನ್ಯ ಬಸ್ಸಿಗಷ್ಟೇ. ಅದಕ್ಕೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಮೈಸೂರು ಬಸ್ ಬೇಕೇ? ಅದಕ್ಕೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಬೇಕು. ನೇರಳೆ ಮೆಟ್ರೊದಲ್ಲಿ ದೀಪಾಂಜಲಿ ನಗರಕ್ಕೆ ಹೋಗಿ ನಡೆಯಬಹುದು.

3. ಮೆಟ್ರೊ ಆದರೆ ಬಣ್ಣ ನೋಡಿ. ಜನ ಜಾಸ್ತಿ ಗೊಂದಲಕ್ಕೆ ಬೀಳುವುದು ಇಲ್ಲೇ. ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್, ಇತ್ತ ವಿಜಯನಗರ, ಕೆಂಗೇರಿ, ಇವೆಲ್ಲ ನೇರಳೆ ಮಾರ್ಗ. ಮಲ್ಲೇಶ್ವರ, ಯಶವಂತಪುರ, ಜಯನಗರ, ಬನಶಂಕರಿ ಹಸಿರು ಮಾರ್ಗ. ಎರಡೂ ಸೇರುವುದು ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ, ನೆಲದಡಿ ಒಂದರ ಮೇಲೊಂದು.

ನೇರಳೆ ಮಾರ್ಗಕ್ಕೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ರೈಲು ನಿಲ್ದಾಣದ ಹಿಂಬದಿಯಲ್ಲಿ, 10ನೇ ಪ್ಲಾಟ್‌ಫಾರ್ಮ್ ಕಡೆ, ಸಂಗೊಳ್ಳಿ ರಾಯಣ್ಣನ ಹೆಸರಿನದೇ ಮೆಟ್ರೊ ನಿಲ್ದಾಣವಿದೆ. ಮೆಜೆಸ್ಟಿಕ್ಕಿಗಿಂತ ನೂಕುನುಗ್ಗಲು ಕಡಿಮೆ. ಹಸಿರು ಮಾರ್ಗ ಬೇಕಾದವರೂ ಇಲ್ಲಿ ಹತ್ತಿ ಒಂದೇ ಸ್ಟಾಪಿಗೆ, ಮೆಜೆಸ್ಟಿಕ್ಕಿನಲ್ಲಿ, ಬದಲಿಸಬಹುದು. ಎಲೆಕ್ಟ್ರಾನಿಕ್ ಸಿಟಿಗೆ ಹೊರಟಿದ್ದರೆ ಹಸಿರಿನಲ್ಲಿ ಆರ್.ವಿ. ರೋಡ್‌ವರೆಗೆ ಹೋಗಿ, ಅಲ್ಲಿಂದ 2025ರಲ್ಲಿ ಶುರುವಾದ ಹಳದಿ ಮಾರ್ಗ ಹಿಡಿಯಿರಿ.

ಭಾನುವಾರ ನಸುಕಿನ ರೈಲಿಗೆ ಬಂದಿಳಿದರೆ ಮೆಟ್ರೊ ನಂಬಿ ಕೂರಬೇಡಿ, ಅವತ್ತು ಬೆಳಿಗ್ಗೆ 7ಕ್ಕೆ ಶುರು. ಉಳಿದ ದಿನ 5ರ ಹೊತ್ತಿಗೆ ಸಿಗುತ್ತದೆ.

4. ಆಟೊ. ಪ್ಲಾಟ್‌ಫಾರ್ಮಿಗೇ ಬಂದು “ಎಲ್ಲಿಗೆ ಸಾರ್?” ಅನ್ನುವವರಿಗೆ ಬೇಡವೆಂದು ತಲೆಯಾಡಿಸಿ ಮುಂದೆ ನಡೆಯಿರಿ. ಮುಂಬಾಗಿಲ ಹೊರಗಿರುವ ಪ್ರೀಪೇಯ್ಡ್ ಕೌಂಟರ್‌ನಲ್ಲಿ ಚೀಟಿ ಪಡೆಯುವುದೇ ವಾಸಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಮೀಟರಿನ ಒಂದೂವರೆ ಪಟ್ಟು ಕೇಳುವುದು ನ್ಯಾಯವೇ, ಅದಕ್ಕೆ ಜಗಳ ಬೇಡ. ಅದಕ್ಕಿಂತ ಹೆಚ್ಚು ಕೇಳಿದರೆ ಜಗಳ ಆಡಿ.

5. ವಾಪಸ್ ಹೊರಡುವಾಗ ಮನೆಯಲ್ಲೇ ಪ್ಲಾಟ್‌ಫಾರ್ಮ್ ನಂಬರ್ ನೋಡಿಕೊಳ್ಳಿ. 1, 2 ಅಂತಿದ್ದರೆ ಮೆಜೆಸ್ಟಿಕ್ ಕಡೆಯಿಂದ ಬನ್ನಿ. 8, 9, 10 ಇದ್ದರೆ ಹಿಂಬಾಗಿಲಿಗೆ ಬಿಡಲು ಆಟೊದವರಿಗೆ ಹತ್ತುವಾಗಲೇ ಹೇಳಿ.