ಎಂ.ಎ. ಇಲ್ಲದೆ ವಯಸ್ಕರಿಗೆ ಇಂಗ್ಲಿಷ್ ಕಲಿಸುತ್ತಿರುವ ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತಿದ್ದಾಗ, ಮಾಲೀಕರ ಸೊಸೆ ತಮ್ಮ ಮಗನ ಶಾಲೆಯಿಂದ ಬರುವ ಇಂಗ್ಲಿಷ್ ಸೂಚನೆಗಳನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ಒಂದು ದಿನ ಅವರು, ಓದಿ ಹೇಳುವುದು ಸಾಕು, ಓದುವುದನ್ನೇ ಕಲಿಸಿಕೊಡಿ ಎಂದರು. ಆಗ ನನ್ನ ಬಳಿ ಇದ್ದದ್ದು ಬಿ.ಕಾಂ. ಪದವಿ ಮಾತ್ರ, ಇಂದಿಗೂ ಅಷ್ಟೇ.

ಪ್ರೌಢಶಾಲೆಯಲ್ಲಿ ಕಲಿಸಲು ಬಿ.ಇಡಿ. ಬೇಕು, ಪದವಿ ಕಾಲೇಜಿಗೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ವಯಸ್ಕರಿಗೆ ಖಾಸಗಿಯಾಗಿ ಕಲಿಸುವವರನ್ನು ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಕೇಳುವವರಿಲ್ಲದ ಕಾರಣಕ್ಕೇ ಇಲ್ಲಿ ಹೊಣೆ ಹೆಚ್ಚು ಎಂಬುದು ನನಗೆ ಮೊದಲ ತಂಡದಲ್ಲಿಯೇ ಅರಿವಾಯಿತು. ವಿದ್ಯಾನಗರದ ಬಾಡಿಗೆ ಕೋಣೆಗೆ ಬಂದ ಹನ್ನೊಂದು ಜನರಿಗೆ ನಾನು ಶಾಲೆಯಲ್ಲಿ ಕಲಿತಂತೆಯೇ ಕಾಲಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ವಿವರಿಸಿದೆ. ತಿಂಗಳ ಕೊನೆಗೆ ಉಳಿದವರು ನಾಲ್ವರು. ಅವರೂ ಪಟ್ಟಿಯನ್ನು ತಪ್ಪಿಲ್ಲದೆ ತುಂಬುತ್ತಿದ್ದರೇ ಹೊರತು ಬ್ಯಾಂಕಿನಲ್ಲಿ ಒಂದು ವಾಕ್ಯ ಆಡಲು ಹಿಂಜರಿಯುತ್ತಿದ್ದರು.

ಎರಡು ವರ್ಷ ಹಣ ಕೂಡಿಟ್ಟು ನಾನು ಕೇಂಬ್ರಿಡ್ಜ್‌ನ ಸೆಲ್ಟಾ ಎಂಬ, ವಯಸ್ಕರಿಗೆ ಇಂಗ್ಲಿಷ್ ಕಲಿಸುವವರ ತರಬೇತಿಯನ್ನು ಆನ್‌ಲೈನ್‌ನಲ್ಲಿ ಪಡೆದೆ. ಸುಮಾರು 120 ಗಂಟೆಗಳ ಈ ತರಬೇತಿಗೆ ಸ್ನಾತಕೋತ್ತರ ಪದವಿ ಬೇಕಿಲ್ಲ, ಆದರೆ ಸಂದರ್ಶನದಲ್ಲಿ ಒಳ್ಳೆಯ ಮಟ್ಟದ ಇಂಗ್ಲಿಷ್ ತೋರಿಸಬೇಕಾಗುತ್ತದೆ. ಇದರಲ್ಲಿ ನಾಲ್ಕು ಲಿಖಿತ ನಿಯೋಜನೆಗಳಿವೆ. ಜೊತೆಗೆ ನಿಜವಾದ ವಯಸ್ಕ ಕಲಿಕಾರ್ಥಿಗಳಿಗೆ, ತರಬೇತುದಾರರ ಕಣ್ಣೆದುರಿಗೆ, ಒಟ್ಟು 6 ಗಂಟೆ ಪಾಠ ಮಾಡಬೇಕು. ಆ 6 ಗಂಟೆಗಳೇ ನನ್ನನ್ನು ಶಿಕ್ಷಕನನ್ನಾಗಿ ಮಾಡಿದವು. ನನ್ನ ಎರಡನೆಯ ಪಾಠದ ನಂತರ ತರಬೇತುದಾರರು ತಾವು ಗುರುತು ಹಾಕಿಕೊಂಡದ್ದನ್ನು ತೋರಿಸಿದರು: 40 ನಿಮಿಷಗಳಲ್ಲಿ 29 ನಿಮಿಷ ನಾನೊಬ್ಬನೇ ಮಾತನಾಡಿದ್ದೆ. ಯಾರಾದರೂ ನೋಡಿ ತಿದ್ದುವ ಪಾಠದ ಅಭ್ಯಾಸವಿಲ್ಲದೆ ಕೇವಲ ವಿಡಿಯೋ ತೋರಿಸಿ ಪ್ರಮಾಣಪತ್ರ ಕೊಡುವ ಅಗ್ಗದ ಕೋರ್ಸುಗಳಿಗೆ ಹಣ ಹಾಕಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆ ತರಬೇತಿ ಕಲಿಸದ ಒಂದು ವಿಷಯವನ್ನು ನಮ್ಮ ಕನ್ನಡವೇ ಕಲಿಸಿತು. ಊರಿನಲ್ಲಿ, ಬಸ್ಸಿನಲ್ಲಿ, ಸ್ಟಾಪಿನಲ್ಲಿ ಎಂದು ನಾವು ಒಂದೇ ಸಪ್ತಮಿ ಪ್ರತ್ಯಯದಲ್ಲಿ ಹೇಳುವುದನ್ನು ಇಂಗ್ಲಿಷ್ ‘ಇನ್’, ‘ಆನ್’, ‘ಅಟ್’ ಎಂದು ಮೂರಾಗಿ ಒಡೆಯುತ್ತದೆ. ‘ನನಗೆ ಗೊತ್ತು’ ಎಂಬುದರ ‘ನನಗೆ’ ಅಲ್ಲಿ ‘ಐ’ ಆಗುತ್ತದೆ. ತಪ್ಪು ಎಲ್ಲಿಂದ ಹುಟ್ಟಿತೆಂದು ತೋರಿಸಿಕೊಟ್ಟರೆ ನಲವತ್ತು ದಾಟಿದವರ ಮುಖದಲ್ಲಿಯೂ ನಾಚಿಕೆ ಹೋಗಿ ಕುತೂಹಲ ಬರುತ್ತದೆ. ಇದು ಕನ್ನಡ ಬಲ್ಲ ಶಿಕ್ಷಕನಿಗೆ ಮಾತ್ರ ಇರುವ ಬಲ, ಇದನ್ನು ಮುಚ್ಚಿಡುವ ಅಗತ್ಯವಿಲ್ಲ.

ನಡುವೆ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಕೆಲಸ ಮಾಡಿದೆ. ಫ್ಲೆಕ್ಸಿನಲ್ಲಿ ನನ್ನ ಹೆಸರಿನ ಮುಂದೆ ಎಂ.ಎ. ಎಂದು ಅಚ್ಚು ಹಾಕಿಸಿದ್ದರು. ಅದನ್ನು ತೆಗೆಯಲು ಅವರು ಒಪ್ಪದಿದ್ದುದರಿಂದ ಬಿಟ್ಟು ಬಂದೆ.

ಈಗ ನನ್ನ ಜೀವನ ನಡೆಯುವುದು ಹೆಚ್ಚಾಗಿ ಶುಶ್ರೂಷಕಿಯರಿಂದ. ವೈದ್ಯಕೀಯ ಕಾಲೇಜುಗಳ ಈ ಊರಿನಲ್ಲಿ ವಿದೇಶದ ಕೆಲಸಕ್ಕಾಗಿ ಓಇಟಿ ಎಂಬ, ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆ ಬರೆಯುವವರಿದ್ದಾರೆ. ಆ ಪರೀಕ್ಷೆಯಲ್ಲಿ ರೋಗಿಯ ವಿವರ ಓದಿಕೊಂಡು 45 ನಿಮಿಷಗಳಲ್ಲಿ ಪತ್ರ ಬರೆಯಬೇಕು, ರೋಗಿಯ ಪಾತ್ರ ವಹಿಸುವವರೊಡನೆ ಎರಡು ಸಂಭಾಷಣೆ ನಡೆಸಬೇಕು. ಇವರ ಪಾಳಿಗೆ ತಕ್ಕಂತೆ ಬೆಳಿಗ್ಗೆ ಆರೂವರೆಗೆ ತರಗತಿ. ಸಂಜೆಯ ತಂಡದ ಆದಾಯ ಸ್ಥಿರವಲ್ಲ: ಮೆಕ್ಕೆಜೋಳದ ಬಿತ್ತನೆಯಲ್ಲಿ, ಚನ್ನಗಿರಿ ಕಡೆಯ ಅಡಿಕೆ ಕೊಯ್ಲಿನಲ್ಲಿ ಅರ್ಧ ಜನ ಬರುವುದಿಲ್ಲ. ಆದ್ದರಿಂದ ಮೂರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡ ಮೇಲೆಯೇ ನಾನು ಅಂಗಡಿಯ ಲೆಕ್ಕದ ಕೆಲಸ ಬಿಟ್ಟೆ.

ಸೆಲ್ಟಾದ ಮುಂದಿನ ಮೆಟ್ಟಿಲು ಡೆಲ್ಟಾ. ಅದರ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಮುಗಿಸಬಹುದು, ಅದಕ್ಕೂ ಎಂ.ಎ. ಬೇಕಿಲ್ಲ. ಮೊದಲ ಭಾಗದ ಲಿಖಿತ ಪರೀಕ್ಷೆಗೆ, ನರ್ಸುಗಳ ತರಗತಿ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕುಳಿತು, ಓದುತ್ತಿದ್ದೇನೆ.